ಎನ್ನೆಸ್ಸೆಸ್‌ನಲ್ಲಿ ಟೈಪ್ 1 ಮಕ್ಕಳಿಗಾಗಿ ಕೆಲಸ: ಶುಗರ್ ಚೆಕ್ ಕ್ಯಾಂಪ್ ಮಾಡೋದಾ, ಶಾಲೆಗಳಿಗೆ ಹೋಗೋದಾ?

ಬಿಎಸ್ಸಿ_ನಾಕನೇ_ಸೆಮ್
ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದಲ್ಲಿದ್ದೀನಿ. ನನಗೆ ಟೈಪ್ 1 ಡಯಾಬಿಟಿಸ್ (ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಸಕ್ಕರೆ ಕಾಯಿಲೆ) ಇದೆ, ಈ ವಿಷಯ ಹಿಡಿದಿದ್ದಕ್ಕೆ ಅದೇ ಕಾರಣ. ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಇನ್ಸುಲಿನ್ ಮೇಲಿರೋ ಮಕ್ಕಳಿಗೆ ನಿಜಕ್ಕೂ ಉಪಯೋಗ ಆಗೋದೇನಾದ್ರೂ ಮಾಡಬೇಕು. ಘಟಕದಲ್ಲಿ ಅರ್ಧ ಜನ "ಉಚಿತ ಶುಗರ್ ತಪಾಸಣೆ ಶಿಬಿರ" ಅಂತಿದ್ದಾರೆ, ಇನ್ನರ್ಧ ಶಾಲೆಗಳಿಗೆ ಹೋಗಿ ಮೇಷ್ಟ್ರುಗಳಿಗೆ ಹೇಳಿಕೊಡೋಣ ಅಂತ. ಯಾವುದು ಸರಿ? ಸ್ವಯಂಸೇವಕರು ಏನು ಮಾಡಬಹುದು, ಏನು ಮುಟ್ಟಬಾರದು? ದುಡ್ಡು ಹೆಚ್ಚುಕಮ್ಮಿ ಸೊನ್ನೆ. ಇನ್ನೊಂದು, 7 ದಿನದ ವಿಶೇಷ ಶಿಬಿರದಲ್ಲಿ ಶ್ರಮದಾನ ಇರುತ್ತೆ, ಇನ್ಸುಲಿನ್ ತಗೊಳ್ಳೋರು ಅದಕ್ಕೆ ಹೇಗೆ ತಯಾರಾಗಬೇಕು?

ಪಿಒ_ಸಾಹೇಬ್ರು
ಕ್ಯಾಂಪ್ ಮಾಡಿ. ವರ್ಷಕ್ಕೆ 120 ಗಂಟೆ ಸೇವೆ ತೋರಿಸಬೇಕು, ವರದಿಗೆ ಫೋಟೋ ಬೇಕು. ಕ್ಯಾಂಪ್ ಆದ್ರೆ ಊರಿಗೆ ಊರೇ ಬರುತ್ತೆ.

ಎನ್‌ಸಿಡಿ_ಸಿಸ್ಟರ್
ಊರಿಗೆ ಊರೇ ಬರುತ್ತೆ ಸರ್, ಬರಬೇಕಾದ ಮಗು ಮಾತ್ರ ಬರಲ್ಲ. 30 ದಾಟಿದವರ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಪಟ್ಟಿ ಮಾಡ್ತಾರೆ. ನಿಮ್ಮ ಕ್ಯಾಂಪಿಗೂ ಅದೇ ಜನ ಬಂದು ಅದೇ ಬೆರಳು ಚಾಚ್ತಾರೆ. ಟೈಪ್ 1 ಹಾಗಲ್ಲ. ಲಕ್ಷಣ ಶುರುವಾದ ಮೇಲೆ ಕೆಲವು ದಿನ, ಹೆಚ್ಚಂದ್ರೆ ಕೆಲವು ವಾರಗಳಲ್ಲಿ ಮಗು ಐಸಿಯು ಬಾಗಿಲಿಗೆ ಬಂದಿರುತ್ತೆ. ಒಂದು ಭಾನುವಾರದ ಕ್ಯಾಂಪ್ ಅದನ್ನ ಹಿಡಿಯೋದು ಲಾಟರಿ ಹೊಡೆದ ಹಾಗೆ.

ಹಿಡಿಯೋದು ಲಕ್ಷಣ ಗೊತ್ತಿರೋ ಮೇಷ್ಟ್ರು. ಪದೇ ಪದೇ ಒಂದಕ್ಕೆ ಹೋಗೋದು, ಬಾಟಲಿಗಟ್ಟಲೆ ನೀರು ಕುಡಿಯೋದು, ಸುಸ್ತು, ತೂಕ ಇಳಿಯೋದು. ಹಾಸಿಗೆ ಒದ್ದೆ ಮಾಡೋದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದ್ರೆ ಅದು ದೊಡ್ಡ ಸುಳಿವು. ಒಂದಕ್ಕೆ ಹೋದ ಜಾಗಕ್ಕೆ ಇರುವೆ ಮುತ್ತೋದನ್ನ ಹಳ್ಳಿ ಅಮ್ಮಂದಿರು ತಾವಾಗೇ ಗಮನಿಸಿರ್ತಾರೆ, ಆದ್ರೆ ಯಾರೂ ಕೇಳಿರಲ್ಲ.

ಬಳ್ಳಾರಿ_ಬಿಸಿಲು
ಸಿಸ್ಟರ್ ಹೇಳಿದ್ದಕ್ಕ ಒಂದು ಸೇರಿಸ್ತೀನ್ರಿ. ವಾಂತಿ, ಹೊಟ್ಟಿನೋವು, ಏದುಸಿರು ಅಂತ ಮಗೂನ ಕರ್ಕೊಂಡು ಹೋದ್ರ, ಹಳ್ಳ್ಯಾಗ ಮೊದ್ಲು ಹಾಕೋದು ಗ್ಲೂಕೋಸ್ ಬಾಟ್ಲಿ. ಕೀಟೋ ಅಸಿಡೋಸಿಸ್ (ಇನ್ಸುಲಿನ್ ಸಾಲದ ರಕ್ತ ಆಮ್ಲ ಆಗೋ ಅಪಾಯದ ಸ್ಥಿತಿ) ಆಗಿರೋ ಕೂಸಿಗೆ ಇನ್ಸುಲಿನ್ ಇಲ್ದ ಬರೇ ಗ್ಲೂಕೋಸ್ ಏರಿಸಿದ್ರ ಉರಿಯೋ ಬೆಂಕಿಗೆ ತುಪ್ಪ ಹೊಯ್ದಂಗ. ಪೋಸ್ಟರ್ ಮಾಡಿದ್ರ ದಪ್ಪ ಅಕ್ಷರದಾಗ ಒಂದು ಸಾಲು ಬರೀರಿ: "ಡ್ರಿಪ್ ಹಾಕೋ ಮುಂಚೆ ಶುಗರ್ ನೋಡ್ರಿ". ಬಾಯಿಂದ ಮಾಗಿದ ಹಣ್ಣಿನ ವಾಸನಿ ಬರೋದನ್ನೂ ಬರೀರಿ.

ಪಿಒ_ಸಾಹೇಬ್ರು
ಸರಿ, ಶಾಲೆಗೇ ಹೋಗ್ಲಿ. ಆದ್ರೆ 50 ಜನ ಸ್ವಯಂಸೇವಕರನ್ನ ಒಂದು ಶಾಲೆಗೆ ನುಗ್ಗಿಸಿ ಏನು ಮಾಡಿಸ್ಲಿ?

ಗುರುಮಾತೆ_ಶಿಗ್ಗಾಂವಿ
ನುಗ್ಗಿಸ್ಬೇಡ್ರಿ ಸರ್ 😄 ಮೂರು ಜನ ಸಾಕು. ಇಬ್ಬರು ಮಾತಾಡೋದು, ಒಬ್ಬರು ಬರಕೊಳ್ಳೋದು. ಮೊದಲು ಬಿಇಒ ಕಚೇರಿಗೆ ಕಾಲೇಜಿನ ಪತ್ರ, ಆಮೇಲೆ ಎಚ್.ಎಂ. ಜೊತೆ ಮಾತು. ಸಮಯ ಮಧ್ಯಾಹ್ನ ಊಟ ಆದ್ಮೇಲೆ ಕೇಳ್ಬೇಡಿ, ಆಗ ಯಾರೂ ಸಿಗಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ 40 ನಿಮಿಷ ಸಿಕ್ಕರೆ ಬೇಕಾದಷ್ಟಾಯ್ತು. ಬಿಸಿಯೂಟದ ಅಡುಗೆಯವರನ್ನೂ ಕೂರಿಸ್ಕೊಳ್ಳಿ. ಮಗು ಆಡ್ತಾ ಬಿದ್ರೆ ಹೆಚ್ಚಾಗಿ ಅವರೇ ಹತ್ತಿರ ಇರ್ತಾರೆ. ಮೇಷ್ಟ್ರು ಕ್ಲಸ್ಟರ್ ಮೀಟಿಂಗ್‌ಗೆ ಹೋಗಿರ್ತಾರೆ.

ಸಕ್ಕರೆ_ನಾಡು
ಹಾಗಾದ್ರೆ ಆ 40 ನಿಮಿಷದಲ್ಲಿ ಏನು ಹೇಳಬೇಕು ಅನ್ನೋದು ಮುಖ್ಯ. ಇನ್ಸುಲಿನ್ ಕಂಡುಹಿಡಿದ ಇತಿಹಾಸ, ಬ್ಯಾಂಟಿಂಗ್, 1921, ಟೊರೊಂಟೊ ಎಲ್ಲ ಬಿಟ್ಟುಬಿಡಿ ದಯವಿಟ್ಟು. ಲೋ ಶುಗರ್, ಅಂದ್ರೆ ರಕ್ತದ ಸಕ್ಕರೆ ತೀರಾ ಇಳಿಯೋದು, ಅದೊಂದನ್ನೇ ಹಿಡ್ಕೊಳ್ಳಿ.

ಬೆವರು, ಕೈ ನಡುಕ, ಮುಖ ಬಿಳಿಚಿಕೊಳ್ಳೋದು, ಇದ್ದಕ್ಕಿದ್ದಂತೆ ಸಿಟ್ಟು ಅಥವಾ ಅಳು, ಲೆಕ್ಕ ಕೊಟ್ರೆ ಮಂಕಾಗಿ ನೋಡೋದು. ಮೀಟರ್ ಇದ್ದರೆ ನೋಡಿ, 70ಕ್ಕಿಂತ ಕೆಳಗಿದ್ರೆ ಲೋ. ಮೀಟರ್ ಇಲ್ಲ ಅಂದ್ರೆ ಲೋ ಅಂತಾನೇ ತಿಳ್ಕೊಂಡು ಕೊಡಿ. 15 ಗ್ರಾಂ ಸಕ್ಕರೆ, ಅಂದ್ರೆ ಸಮ ಮಾಡಿದ ಚಮಚದಲ್ಲಿ ಮೂರರಿಂದ ನಾಲ್ಕು ಚಮಚ, ಅರ್ಧ ಲೋಟ ನೀರಲ್ಲಿ. 15 ನಿಮಿಷ ಕಾದು ಮತ್ತೆ ನೋಡಿ, ಇನ್ನೂ 70ರ ಕೆಳಗಿದ್ರೆ ಇನ್ನೊಂದು ಸಲ. ಸರಿ ಹೋದ ಮೇಲೆ ಊಟಕ್ಕೆ ಇನ್ನೂ ಹೊತ್ತಿದ್ರೆ ಎರಡು ಬಿಸ್ಕತ್ತೋ ಬಾಳೆಹಣ್ಣೋ.

ಮುದ್ದೆ_ಬಸ್ಸಾರು
ಚಾಕೊಲೇಟ್ ಕೊಟ್ರೆ ಆಗಲ್ವಾ? ಮಕ್ಕಳು ಖುಷಿಯಾಗಿ ತಿಂತಾವೆ.

ಸಕ್ಕರೆ_ನಾಡು
ಅದೇ ತಪ್ಪು. ಚಾಕೊಲೇಟ್‌ನಲ್ಲಿ ಕೊಬ್ಬು ಇದೆ, ಸಕ್ಕರೆ ರಕ್ತಕ್ಕೆ ಸೇರೋದು ತಡ ಆಗುತ್ತೆ. ಹಾಲು, ಲಾಡು ಕೂಡ ಅಷ್ಟೇ. ಶುಗರ್ ಇಳಿಯೋ ವೇಗಕ್ಕೆ ಲಾಡು ಓಡಿ ಹಿಡಿಯಲ್ಲ.

ಎನ್‌ಸಿಡಿ_ಸಿಸ್ಟರ್
@ಸಕ್ಕರೆ_ನಾಡು 15 ಗ್ರಾಂ ದೊಡ್ಡ ಮಕ್ಕಳಿಗೆ. ಅಂಗನವಾಡಿ, ಒಂದನೇ ಕ್ಲಾಸಿನ ಮಗುವಿಗೆ 5ರಿಂದ 10 ಗ್ರಾಂ ಸಾಕು. ನಡುವಿನ ವಯಸ್ಸಿನವರಿಗೆ ತೂಕ ನೋಡಿ ಡಾಕ್ಟರ್ ಹೇಳಿದ ಲೆಕ್ಕ. ಲೋ ಆದ ಮಗೂನ ಒಂಟಿಯಾಗಿ ಸ್ಟಾಫ್ ರೂಮಿಗೆ ಕಳಿಸೋದು ಬೇಡವೇ ಬೇಡ. ಸಕ್ಕರೆ ಮಗು ಇರೋ ಕಡೆ ಬರಬೇಕು.

ಗುರುಮಾತೆ_ಶಿಗ್ಗಾಂವಿ
ಸಕ್ಕರೆ ಎಲ್ಲಿರುತ್ತೆ ಅನ್ನೋದನ್ನ ಯಾರೂ ಕೇಳಲ್ಲ ನೋಡಿ. ಎಚ್.ಎಂ. ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರ್ತಾರೆ, ಎಚ್.ಎಂ. ತಾಲ್ಲೂಕು ಕಚೇರೀಲಿ! ತರಗತಿಯಲ್ಲೇ, ಮೇಷ್ಟ್ರ ಟೇಬಲ್ ಮೇಲೆ ಒಂದು ಡಬ್ಬಿ. ಆಟದ ಮೈದಾನಕ್ಕೆ ಹೋಗೋವಾಗ ಮಗುವಿನ ಜೇಬಿನಲ್ಲಿ ಇನ್ನೊಂದು ಪೊಟ್ಟಣ.

ಕರಾವಳಿ_ಕಡೆಯವ
ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಜೇನು ಸುರಿಬೇಕು ಅಂತ ಎಲ್ಲೋ ಓದಿದ ನೆನಪು ಮಾರಾಯ್ರೇ.

ಎನ್‌ಸಿಡಿ_ಸಿಸ್ಟರ್
ಸುರಿಬೇಡಿ! ನುಂಗಕ್ಕಾಗದ ಮಗುವಿನ ಬಾಯಿಗೆ ಏನೇ ಹಾಕಿದ್ರೂ ಶ್ವಾಸಕೋಶಕ್ಕೆ ಇಳಿಯೋ ಅಪಾಯ. ಎಡ ಮಗ್ಗುಲಿಗೆ ಮಲಗಿಸಿ, ಬಟ್ಟೆ ಸಡಿಲ ಮಾಡಿ, 108ಕ್ಕೆ ಕರೆ ಮಾಡಿ "ಇನ್ಸುಲಿನ್ ತಗೊಳ್ಳೋ ಮಗು, ಪ್ರಜ್ಞೆ ಇಲ್ಲ" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಶುಗರ್ ಏರಿಸೋಕೆ ಸ್ನಾಯುವಿಗೆ ಕೊಡೋ ಗ್ಲೂಕಗಾನ್ ಇಂಜೆಕ್ಷನ್ ಇದೆ ನಿಜ, ತಾಲ್ಲೂಕಿನ ಮೆಡಿಕಲ್‌ಗಳಲ್ಲಿ ಅದು ಸಿಗೋದು ಕಷ್ಟ. ಆದ್ದರಿಂದ ತರಬೇತಿಯಲ್ಲಿ ಅದನ್ನ ನಂಬಿಕೊಂಡು ಯೋಜನೆ ಮಾಡ್ಬೇಡಿ.

ಫಾರ್ಮಾ_ಹುಬ್ಳಿ
ನಾನು ಹೇಳೋದು ಸಿರಿಂಜ್ ಬಗ್ಗೆ. ಇದನ್ನ ಸ್ವಯಂಸೇವಕರಿಗೂ ಹೇಳ್ರಿ, ಅಪ್ಪ-ಅಮ್ಮಗೂ ಹೇಳ್ರಿ. ನಮ್ಮ ದೇಶದಾಗ ವಯಲ್ (ಸಣ್ಣ ಬಾಟ್ಲಿ) ಇನ್ಸುಲಿನ್ ಹೆಚ್ಚಾಗಿ 40ರ ಸಾಂದ್ರತೆ, ಅಂದ್ರ ಒಂದು ಎಂ.ಎಲ್.ನಾಗ 40 ಯೂನಿಟ್. ಅದಕ್ಕ ಕೆಂಪು ಟೋಪಿ ಸಿರಿಂಜ್. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್ 100ರದ್ದು, 100ರ ಸಿರಿಂಜಿನ ಟೋಪಿ ಕಿತ್ತಳೆ. ಅದಲು ಬದಲಾದ್ರ ಎರಡೂವರೆ ಪಟ್ಟು ತಪ್ಪು.

ಲೆಕ್ಕ ನೋಡ್ರಿ. 40ರ ವಯಲ್‌ನಿಂದ ಕಿತ್ತಳೆ ಸಿರಿಂಜಿನಾಗ 10ರ ಗೆರಿತನಕ ಎಳದ್ರ ಒಳಗ ಬಂದಿದ್ದು 0.1 ಎಂ.ಎಲ್., ಹೋಗೋದು ಬರೇ 4 ಯೂನಿಟ್. ಶುಗರ್ ಏರಿ ಕುಂದರ್ತದ, ಮಂದಿ "ಹುಡುಗ ಸಿಹಿ ಕದ್ದು ತಿಂದಾನ" ಅಂತಾರ. ಉಲ್ಟಾ ಆದ್ರ ಇನ್ನೂ ಕೆಟ್ಟದ್ದು. ಪೆನ್ ಕೆಟ್ಟದ ಅಂತ ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜಿನಾಗ 10ರ ಗೆರಿತನಕ ಎಳದ್ರ 0.25 ಎಂ.ಎಲ್., ಅಂದ್ರ 25 ಯೂನಿಟ್. ಸಣ್ಣ ಕೂಸಿಗೆ ಅದು ಜೀವಕ್ಕ ಕುತ್ತು.

ಬಿಎಸ್ಸಿ_ನಾಕನೇ_ಸೆಮ್
ಇದನ್ನ ಕೆಂಪು, ಕಿತ್ತಳೆ ಬಣ್ಣದಲ್ಲೇ ಒಂದು ಚಿತ್ರ ಮಾಡಿಸ್ತೀನಿ. ಹಾಗಾದ್ರೆ ಸ್ವಯಂಸೇವಕರು ಇಂಜೆಕ್ಷನ್ ಕೊಡೋದನ್ನ ಕಲಿಸಬಹುದಾ?

ಫಾರ್ಮಾ_ಹುಬ್ಳಿ
ಬ್ಯಾಡ. ಸೂಜಿ ಚುಚ್ಚೂದು, ಡೋಸ್ ಹೇಳೂದು, "ಎರಡು ಯೂನಿಟ್ ಕಮ್ಮಿ ಮಾಡು" ಅನ್ನೂದು ಮೂರೂ ನಿಮ್ಮ ಕೆಲಸ ಅಲ್ಲ. ಚೀಟಿ ಓದಿ ಸಿರಿಂಜ್ ಹೊಂದ್ತದೋ ಇಲ್ಲೋ ನೋಡಬಹುದು, ಹೊಂದ್ಲಿಲ್ಲಂದ್ರ ಅಂಗಡಿಗೆ ಅಥವಾ ಡಾಕ್ಟರ್ ಹತ್ರ ಕಳಸ್ರಿ. ಎನ್‌ಪಿಎಚ್‌ನಂಥ ಮಬ್ಬು ಇನ್ಸುಲಿನ್ ಆದ್ರ ಅಂಗೈ ನಡುವ ಉಳ್ಳಾಡಿಸ್ರಿ ಅಂತ ನೆನಪು ಮಾಡಬಹುದು, ಕುಲುಕಿದ್ರ ನೊರಿ ಬಂದು ಡೋಸ್ ತಪ್ಪತದ. ಅಷ್ಟ.

ಹಳೇ_ಮೈಸೂರು_ಮಂಜ
ಏನ್ರಪ್ಪ ಇಷ್ಟೊಂದು ಇನ್ಸುಲಿನ್ ಪುರಾಣ. ಮನೆ ಹಿತ್ತಲಲ್ಲಿ ಇನ್ಸುಲಿನ್ ಗಿಡ ಅಂತ ಸಿಗುತ್ತೆ, ದಿನಾ ಒಂದೆಲೆ ತಿಂದ್ರೆ ಸಾಕು. ಮಧುನಾಶಿನಿ ಇದೆ. ಮಕ್ಕಳಿಗೆ ಯಾಕೆ ಸೂಜಿ?

ಎನ್‌ಸಿಡಿ_ಸಿಸ್ಟರ್
ಟೈಪ್ 1ರಲ್ಲಿ ಇನ್ಸುಲಿನ್ ತಯಾರಿಸೋ ಮೇದೋಜೀರಕದ ಬೀಟಾ ಕೋಶಗಳನ್ನ ದೇಹದ ರೋಗನಿರೋಧಕ ವ್ಯವಸ್ಥೆಯೇ ಹಾಳು ಮಾಡಿರುತ್ತೆ. ಗಿಡದ ಹೆಸರಲ್ಲಿ ಇನ್ಸುಲಿನ್ ಇದೆ, ಎಲೆಯಲ್ಲಿಲ್ಲ. ಸೂಜಿ ನಿಲ್ಲಿಸಿದ್ರೆ ಎರಡು-ಮೂರು ದಿನದೊಳಗೇ ಕೀಟೋ ಅಸಿಡೋಸಿಸ್ ಆಗಬಹುದು. ಜ್ವರ ಬಂದು ಊಟ ಬಿಟ್ಟಾಗಲೂ ಪೂರ್ತಿ ನಿಲ್ಲಿಸೋ ಹಾಗಿಲ್ಲ. ದಯವಿಟ್ಟು ಈ ಸಲಹೆಯನ್ನ ಯಾವ ಅಮ್ಮನಿಗೂ ಕೊಡಬೇಡಿ.

ಹಳೇ_ಮೈಸೂರು_ಮಂಜ
ದೊಡ್ಡೋರಿಗೆ ಕೊಡಬಹುದಲ್ವಾ

ಬಳ್ಳಾರಿ_ಬಿಸಿಲು
ಬ್ಯಾರೆ ಥ್ರೆಡ್ ತೆಗೀರಿ ಅದಕ್ಕ.

ಬಳ್ಳಾರಿ_ಬಿಸಿಲು
ಇನ್ಸುಲಿನ್ ಇಡೋದರ ಬಗ್ಗೆ ಯಾರೂ ಹೇಳ್ಲಿಲ್ಲ. ನಮ್ ಕಡೆ ಏಪ್ರಿಲ್, ಮೇದಾಗ 40 ದಾಟ್ತದ, ಎಲ್ಲರ ಮನ್ಯಾಗ ಫ್ರಿಜ್ ಇರಂಗಿಲ್ಲ, ಇದ್ರೂ ಕರೆಂಟ್ ಇರಂಗಿಲ್ಲ. ಇಲ್ಲಿ ನಿಮ್ಮ ಹುಡುಗ್ರು ಕೈಯಾರೆ ಮಾಡಿಕೊಡೋ ಕೆಲಸ ಐತಿ: ಮಡಕಿ.

ದೊಡ್ಡದೊಂದು, ಅದರೊಳಗ ಸುತ್ತ ಎರಡು ಬೆರಳು ಸಂದು ಬಿಡೋವಂಥ ಸಣ್ಣದೊಂದು. ಎರಡೂ ಒಳಗ ಹೊರಗ ಬಣ್ಣ, ಮೆರುಗು ಇಲ್ದ ಬರೇ ಮಣ್ಣಿನವು ಇರ್ಬೇಕು, ಮೆರುಗು ಇದ್ರ ನೀರು ಜಿನುಗಂಗಿಲ್ಲ, ತಂಪಾಗಂಗಿಲ್ಲ. ತಳಕ್ಕ ಮೂರು ಬೆರಳು ಮರಳು, ಸಂದಿನ್ಯಾಗ ಮರಳು, ಮುಂಜಾನಿ ಸಂಜಿ ಮರಳು ತೋಯೋವಷ್ಟು ನೀರು. ಇನ್ಸುಲಿನ್‌ನ ಜಿಪ್ ಕವರಿನಾಗ ಹಾಕಿ ಒಳಗಿನ ಮಡಕ್ಯಾಗ ಇಟ್ಟು, ಬಾಯಿಗೆ ಹಸಿ ಗೋಣಿ ಬಟ್ಟಿ. ನೆರಳಿನಾಗ, ಗಾಳಿ ಆಡೋ ಕಡೆ ಇಡ್ರಿ. ಕಬ್ಬಿಣದ ಪೆಟ್ಟಿಗ್ಯಾಗ ಮುಚ್ಚಿಟ್ರ ಎಲ್ಲಾ ವ್ಯರ್ಥ. ಹೊರಗ 40 ಇದ್ರೂ ಒಣ ಹವಾದಾಗ ಒಳಗ 26-28ರ ಆಸುಪಾಸು ಬರ್ತದ. ಬಳಸಾಕ ಶುರು ಮಾಡಿದ ವಯಲ್‌ಗೆ ಅಷ್ಟು ಸಾಕು.

ಕರಾವಳಿ_ಕಡೆಯವ
ಮಂಗಳೂರಲ್ಲಿ ಇದು ನಡೆಯುವುದಿಲ್ಲ, ಹೇಳಿಬಿಡ್ತೇನೆ. ಇಲ್ಲಿ ಗಾಳಿಯಲ್ಲೇ ನೀರುಂಟು, ಮಡಕೆಯ ನೀರು ಆವಿಯಾಗುವುದೇ ಇಲ್ಲ. 33 ಇದ್ದದ್ದು 31 ಆದರೆ ಹೆಚ್ಚು.

ಬಳ್ಳಾರಿ_ಬಿಸಿಲು
ಖರೆ. ಒಣ ಹವಾಕ್ಕ ಅಷ್ಟ. ಹಾವೇರಿಯಾಗೂ ಬ್ಯಾಸಿಗಿಗೆ ಸರಿ, ಮಳಿಗಾಲದಾಗ ಕೆಲಸ ಕಮ್ಮಿ. ಆದ್ರ ಮಳಿಗಾಲದಾಗ ಅದರ ಗರಜೂ ಕಮ್ಮಿ.

ಫಾರ್ಮಾ_ಹುಬ್ಳಿ
ತೆರೆದ ವಯಲ್‌ಗೆ ಸಾಮಾನ್ಯವಾಗಿ 28 ದಿನ, ಮ್ಯಾಲೆ ತೆರೆದ ತಾರೀಖು ಪೆನ್ನಿನಿಂದ ಬರೀರಿ. ಇನ್ನೂ ತೆರೀಲಾರದ ಸ್ಟಾಕ್ 2ರಿಂದ 8 ಡಿಗ್ರಿನಾಗ, ಅದು ಫ್ರಿಜ್‌ನಾಗೇ ಇರ್ಬೇಕು, ಮಡಕಿ ಅದಕ್ಕ ಬದಲಿ ಅಲ್ಲ. ಫ್ರಿಜ್ ಇಲ್ಲದವರು ಒಂದೇ ಸಲ ಮೂರು ತಿಂಗಳದ್ದು ತರೂದು ಬ್ಯಾಡ, ಪಿಎಚ್‌ಸಿ ಫ್ರಿಜ್‌ನಾಗ ಇಡಾಕ ಒಪ್ಪತಾರೇನು ಕೇಳ್ರಿ. ಫ್ರೀಜರ್ ತಳಕ್ಕ ತಾಗಿ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿಸಿ ಬಳಸಬ್ಯಾಡ್ರಿ. ರೊಕ್ಕದ ತ್ರಾಸ ಇದ್ದವರಿಗೆ ಜನೌಷಧಿ ಕೇಂದ್ರದ ವಿಳಾಸ ಕೊಡ್ರಿ.

ಮುದ್ದೆ_ಬಸ್ಸಾರು
ಬಿಸಿಯೂಟ, ಕ್ಷೀರಭಾಗ್ಯದ ಹಾಲು, ರಾಗಿ ಮಾಲ್ಟ್ ಎಲ್ಲ ಇನ್ಸುಲಿನ್ ಮಕ್ಕಳು ಕುಡಿಬೋದಾ? ನಮ್ಮ ಕಡೆ ಮೇಷ್ಟ್ರು ಅಂಥ ಮಗೂಗೆ ಲೋಟನೇ ಕೊಡಲ್ಲ. ರಾಗಿ ಮುದ್ದೆ ಅಂತೂ ಎಷ್ಟು ತಿಂದ್ರೂ ಶುಗರ್ ಏರಲ್ಲ ಅಂತಾರೆ.

ಸಕ್ಕರೆ_ನಾಡು
ಎರಡೂ ತಪ್ಪು. ರಾಗಿ ಹಿಟ್ಟು 100 ಗ್ರಾಂನಲ್ಲಿ ಕಾರ್ಬೋಹೈಡ್ರೇಟ್ 67 ಗ್ರಾಂ ಹತ್ತಿರ, ಜೋಳದ ಹಿಟ್ಟೂ ಅಷ್ಟೇ. ಮುದ್ದೆ ಪವಾಡ ಅಲ್ಲ, ಒಂದು ದೊಡ್ಡ ಮುದ್ದೆಗೆ 100 ಗ್ರಾಂ ಹಿಟ್ಟು ಬಿದ್ದಿರುತ್ತೆ. 40 ಗ್ರಾಂ ಹಿಟ್ಟಿನ ಜೋಳದ ರೊಟ್ಟಿ ಅಂದ್ರೆ 27 ಗ್ರಾಂ. ಅನ್ನ ಬೆಂದ ಮೇಲೆ 100 ಗ್ರಾಂಗೆ ಸುಮಾರು 28. ಮಗು ಏನು ತಿನ್ನುತ್ತೆ ಅನ್ನೋದಕ್ಕಿಂತ ಎಷ್ಟು ತಿನ್ನುತ್ತೆ, ಅದಕ್ಕೆ ಇನ್ಸುಲಿನ್ ಹೊಂದಿದೆಯಾ ಅನ್ನೋದು ಲೆಕ್ಕ.

ಹಾಲು, ಮಾಲ್ಟ್ ಕುಡಿಬಹುದು, ಎಷ್ಟು ಸಕ್ಕರೆ ಹಾಕ್ತಾರೆ, ಎಷ್ಟು ಗಂಟೆಗೆ ಕೊಡ್ತಾರೆ ಅಂತ ಪೋಷಕರಿಗೆ ತಿಳಿಸಿ, ಅವರು ಡಾಕ್ಟರ್ ಜೊತೆ ಹೊಂದಿಸ್ಕೊಳ್ತಾರೆ. ಎಲ್ಲರ ಮುಂದೆ ಲೋಟ ಕಿತ್ಕೊಂಡ್ರೆ ಮಗು ನಾಳೆಯಿಂದ ಕಾಯಿಲೆ ಮುಚ್ಚಿಡುತ್ತೆ. ನಿಮ್ಮ ಹುಡುಗರಿಗೆ ಒಳ್ಳೇ ಕೆಲಸ: ಅಡುಗೆ ತಕ್ಕಡಿ ಹಿಡ್ಕೊಂಡು ಆ ಶಾಲೆಯ ಸೌಟು ಒಂದಕ್ಕೆ ಅನ್ನ ಎಷ್ಟು ಗ್ರಾಂ, ಉಪ್ಪಿಟ್ಟು ಎಷ್ಟು ಗ್ರಾಂ ಅಂತ ತೂಗಿ, ಪಟ್ಟಿ ಮಾಡಿ ಅಮ್ಮಂದಿರಿಗೆ ಕೊಡಿ. ಇದನ್ನ ಯಾವ ಆಸ್ಪತ್ರೆಯೂ ಮಾಡಿಕೊಡಲ್ಲ.

ಗುರುಮಾತೆ_ಶಿಗ್ಗಾಂವಿ
ಸೌಟು ತೂಗೋದು!! ಇದು ಯಾಕೆ ಹೊಳೀಲಿಲ್ಲ ಇಷ್ಟು ದಿನ.

ಪಿಒ_ಸಾಹೇಬ್ರು
ಇದು ನನಗೂ ಹಿಡಿಸ್ತು. ಸರ್ವೆ ಅಂತ ವರದೀಲಿ ಹಾಕಬಹುದು. ಆದ್ರೆ ಫೋಟೋ?

ಎನ್‌ಸಿಡಿ_ಸಿಸ್ಟರ್
ತಕ್ಕಡಿ ಫೋಟೋ ಹಾಕಿ, ಮಡಕೆ ಫೋಟೋ ಹಾಕಿ. ಮಗುವಿನ ಮುಖ, ಹೆಸರು, ಶಾಲೆ ಒಟ್ಟಿಗೆ ಬರೋ ಯಾವುದನ್ನೂ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಹೆಣ್ಣು ಮಕ್ಕಳ ಮನೆಯವರು ಮದುವೆ ಮಾತಿನ ಭಯಕ್ಕೇ ಊರು ಬಿಟ್ಟು ಬೇರೆ ತಾಲ್ಲೂಕಿನಲ್ಲಿ ಔಷಧಿ ತಗೊಳ್ತಾರೆ. ಪ್ರಾರ್ಥನೆ ವೇಳೆ "ಈ ಮಗುವಿಗೆ ಸಕ್ಕರೆ ಕಾಯಿಲೆ" ಅಂತ ನಿಲ್ಲಿಸಿ ಚಪ್ಪಾಳೆ ಹೊಡೆಸೋದು ಇನ್ನೂ ಕೆಟ್ಟದ್ದು.

ಬಿಎಸ್ಸಿ_ನಾಕನೇ_ಸೆಮ್
ಒಪ್ಪಿದೆ. ಗ್ಲುಕೋಮೀಟರ್ ಒಂದೆರಡು ದಾನ ಸಿಗೋ ಹಾಗಿದೆ, ಶಾಲೆಗೆ ಕೊಡೋದು ಸರೀನಾ?

ಫಾರ್ಮಾ_ಹುಬ್ಳಿ
ಮೀಟರ್ ಸಸ್ತಾ, ರಕ್ತ ಹಚ್ಚೋ ಪಟ್ಟಿ (ಸ್ಟ್ರಿಪ್) ತುಟ್ಟಿ. ಪಟ್ಟಿ ಕೊಡೋರು ಯಾರು ಅಂತ ಮೊದ್ಲು ಕೇಳ್ರಿ, ಇಲ್ಲಂದ್ರ ಮೂರು ತಿಂಗಳಿಗೆ ಅದು ಬೀರುವಿನ ಅಲಂಕಾರ. ಪಟ್ಟಿ ಡಬ್ಬಿ ಮುಚ್ಚಳ ತೆರೆದಿಟ್ರ ತೇವಕ್ಕ ಹಾಳು. ಮಾವಿನಹಣ್ಣು, ಜಿಲೇಬಿ ತಿಂದ ಕೈ ತೊಳೀದ ಚುಚ್ಚಿದ್ರ 120 ಇದ್ದದ್ದು 250 ತೋರಸ್ತದ. ಸೋಪು ನೀರಿನಾಗ ತೊಳದು ಒರೆಸಿ, ಬೆರಳಿನ ತುದಿ ಅಲ್ಲ, ಮಗ್ಗುಲಿಗೆ ಚುಚ್ಚಬೇಕು. ಲ್ಯಾನ್ಸೆಟ್ (ಬೆರಳು ಚುಚ್ಚೋ ಸೂಜಿ) ಒಬ್ಬರಿಗೆ ಒಂದ. ಚುಚ್ಚೋ ಪೆನ್ನೂ ಹಂಚಿಕೊಳ್ಳಂಗಿಲ್ಲ, ಹೆಪಟೈಟಿಸ್ ಬಿ ಹರಡತದ.

ಎನ್‌ಸಿಡಿ_ಸಿಸ್ಟರ್
ಬಳಸಿದ ಸೂಜಿಗೆ ದಪ್ಪ ಪ್ಲಾಸ್ಟಿಕ್ ಡಬ್ಬಿ, ಫಿನೈಲ್ ಬಾಟಲಿ ಥರದ್ದು. ನೀರಿನ ಬಾಟಲಿ ತೆಳು, ಸೂಜಿ ಹೊರಗೆ ಬರುತ್ತೆ. ಮುಕ್ಕಾಲು ತುಂಬಿದಾಗ ಮುಚ್ಚಿ ಟೇಪ್ ಸುತ್ತಿ ಪಿಎಚ್‌ಸಿಗೆ. ಟೋಪಿ ಹಾಕಿ ಕಸದ ಗಾಡಿಗೆ ಎಸೆಯೋದನ್ನ ನಿಲ್ಲಿಸಿದ್ರೆ ಪೌರಕಾರ್ಮಿಕರ ಕೈ ಉಳಿಯುತ್ತೆ. ಖಾಲಿ ಡಬ್ಬಿ ಸಂಗ್ರಹಿಸಿ, ತೊಳೆದು, ಲೇಬಲ್ ಅಂಟಿಸಿ ಮನೆಗೆ ಕೊಡೋದು 50 ಜನಕ್ಕೂ ಕೆಲಸ ಆಯ್ತು ನೋಡಿ ಪಿಒ ಸರ್.

ಜಿಮ್_ಅಣ್ಣ
ಶ್ರಮದಾನದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಗುದ್ದಲಿ ಹಿಡಿಯೋ ಮುಂಚೆ ಶುಗರ್ ನೋಡ್ಕೊ. 90ಕ್ಕಿಂತ ಕೆಳಗಿದ್ರೆ 15 ಗ್ರಾಂ ತಿಂದು ಏರಿದ ಮೇಲೆ ಶುರು ಮಾಡು. 250 ದಾಟಿ ಕೀಟೋನ್ (ಇನ್ಸುಲಿನ್ ಸಾಲದೆ ಕೊಬ್ಬು ಕರಗಿ ಬರೋ ಆಮ್ಲ) ಇದ್ರೆ ಆವತ್ತು ಕೆಲಸ ಬೇಡ. ತೊಡೆಗೆ ಇಂಜೆಕ್ಷನ್ ತಗೊಂಡು ತಕ್ಷಣ ಅಗೆಯೋಕೆ ಹೋದ್ರೆ ಇನ್ಸುಲಿನ್ ಬೇಗ ಹೀರ್ಕೊಳ್ಳುತ್ತೆ, ಹೊಟ್ಟೆಗೆ ತಗೊ. ಅರ್ಧ-ಮುಕ್ಕಾಲು ಗಂಟೆಗೊಮ್ಮೆ ನೋಡು. ನಿಜವಾದ ಅಪಾಯ ರಾತ್ರಿ: ಹಗಲಿಡೀ ದುಡಿದ ಸ್ನಾಯು ಗ್ಲೂಕೋಸ್ ಹೀರ್ತಾನೇ ಇರುತ್ತೆ, ನಡುರಾತ್ರಿ ಕಳೆದ ಮೇಲೆ ಲೋ ಆಗಬಹುದು. ಮಲಗೋ ಮುಂಚೆ ಒಂದು ಸಲ, 2-3 ಗಂಟೆಗೆ ಅಲಾರಂ ಇಟ್ಟು ಇನ್ನೊಂದು ಸಲ. ಬೇಸಲ್ (ದಿನವಿಡೀ ನಿಧಾನಕ್ಕೆ ಕೆಲಸ ಮಾಡೋ ಇನ್ಸುಲಿನ್) ಎಷ್ಟು ಇಳಿಸಬೇಕು ಅಂತ ಶಿಬಿರಕ್ಕೆ ಮುಂಚೆಯೇ ಡಾಕ್ಟರ್‌ನ ಕೇಳು. ಪಕ್ಕದಲ್ಲಿ ಮಲಗೋ ಇಬ್ಬರಿಗೆ ಸಕ್ಕರೆ ಡಬ್ಬಿ ತೋರಿಸಿರು.

ಕರಾವಳಿ_ಕಡೆಯವ
ಶಿಬಿರದಲ್ಲಿ ಊಟ ಎಂಟಕ್ಕೆ ಅಂತ ಹೇಳಿ ಹತ್ತಕ್ಕೆ ಬರುವುದು ಮಾರಾಯ್ರೇ. ಅನ್ನ ಕಣ್ಣಿಗೆ ಕಂಡ ಮೇಲೆ ಊಟದ ಇನ್ಸುಲಿನ್ ತಗೊಳ್ಳಲಿ.

ಜಿಮ್_ಅಣ್ಣ
ಇದು ಲಾಖ್ ರೂಪಾಯಿ ಮಾತು.

ಮುದ್ದೆ_ಬಸ್ಸಾರು
ಉದ್ಘಾಟನೆ ನವೆಂಬರ್ 14ಕ್ಕೆ ಇಟ್ಕೊಳ್ಳಿ, ವಿಶ್ವ ಮಧುಮೇಹ ದಿನ.

ಗುರುಮಾತೆ_ಶಿಗ್ಗಾಂವಿ
ಅವತ್ತು ಶಾಲೇಲಿ ಮಕ್ಕಳ ದಿನಾಚರಣೆ, ಛದ್ಮವೇಷ, ನಿಮ್ಮ ಮಾತು ಕೇಳೋರು ಯಾರೂ ಇರಲ್ಲ. ಜೂನ್ ಎರಡನೇ ವಾರ ಬನ್ನಿ, ಹೊಸ ಕ್ಲಾಸ್ ಟೀಚರ್ ಯಾರು ಅಂತ ಗೊತ್ತಾಗಿರುತ್ತೆ. ಮೇಷ್ಟ್ರು ವರ್ಗಾವಣೆ ಆದ್ರೆ ತರಬೇತಿಯೂ ಅವರ ಜೊತೆ ಹೋಗುತ್ತೆ, ಆದ್ದರಿಂದ ಪ್ರತಿ ವರ್ಷ ಮತ್ತೆ ಬರಬೇಕು. ಹತ್ತನೇ ಕ್ಲಾಸಿನ ಮಗು ಇದ್ರೆ ಪರೀಕ್ಷಾ ಕೊಠಡಿಗೆ ಮೀಟರ್, ಸಕ್ಕರೆ, ನೀರು ಒಯ್ಯಲು ಡಾಕ್ಟರ್ ಪತ್ರ ಲಗತ್ತಿಸಿ ಎಚ್.ಎಂ.ಗೆ ಡಿಸೆಂಬರ್ ಒಳಗೇ ಅರ್ಜಿ ಕೊಡಿಸಿ. ಸಿಬಿಎಸ್‌ಇ 2017ರಲ್ಲೇ ತಿಂಡಿ, ನೀರು ಒಯ್ಯೋಕೆ ಅನುಮತಿ ಕೊಟ್ಟಿದೆ, ಅದರ ಪ್ರತಿ ಜೊತೆಗಿಟ್ರೆ ಮಾತಾಡೋಕೆ ಆಧಾರ. ಪರೀಕ್ಷೆ ದಿನ ಬಾಗಿಲಲ್ಲಿ ಸ್ಕ್ವಾಡ್ ಜೊತೆ ವಾದ ಮಾಡೋದಕ್ಕೆ ಆಗಲ್ಲ.

ಬಿಎಸ್ಸಿ_ನಾಕನೇ_ಸೆಮ್
ಜೂನ್‌ಗೆ ಐದು ಶಾಲೆ ಅಂದ್ಕೊಂಡಿದ್ದೀನಿ. ತರಗತಿ ಟೇಬಲ್ ಮೇಲೆ ಸಕ್ಕರೆ ಡಬ್ಬಿ ಇಟ್ರೆ ಇರುವೆ ಬರಲ್ವಾ?

ಬಳ್ಳಾರಿ_ಬಿಸಿಲು
ಬರ್ತಾವ. ಸಕ್ರಿ ಬಿಡ್ರಿ, ಗ್ಲೂಕೋಸ್ ಪುಡಿ 15 ಗ್ರಾಂ ತೂಗಿ ಸಣ್ಣ ಜಿಪ್ ಕವರಿನಾಗ ಹಾಕ್ರಿ, ಐದಾರು ಪೊಟ್ಟಣ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ್ಯಾಗ. ಅಂಗನವಾಡಿಗೆ 7 ಗ್ರಾಂದ್ದು ಬ್ಯಾರೆ ಮಾಡಿ ಬ್ಯಾರೆ ಬಣ್ಣದ ಚೀಟಿ ಹಚ್ರಿ.

ಗುರುಮಾತೆ_ಶಿಗ್ಗಾಂವಿ
ಐದಾರು ಸಾಲಲ್ಲ, ಹತ್ತು ಇಡಿ. ಉಳಿದ ಮಕ್ಕಳು ಎರಡೇ ದಿನದಲ್ಲಿ ಅರ್ಧ ನೆಕ್ಕಿರ್ತಾವೆ.